ಕೊಟ್ಟ ಸಾಲಿಗೆ ಮರುಸಾಲು: ಕನ್ನಡದ ಕಿರುಪದ್ಯ ಪರಂಪರೆ

ಒಬ್ಬರು ಒಂದು ಸಾಲನ್ನೋ ಕೆಲವು ಪದಗಳನ್ನೋ ಕೊಡುವುದು, ಮತ್ತೊಬ್ಬರು ಅದರಿಂದ ಪದ್ಯ ಕಟ್ಟುವುದು. ಇಂದಿನ ಬರವಣಿಗೆಯ ಕಮ್ಮಟಗಳಲ್ಲಿ ಇದು ಹೊಸ ಅಭ್ಯಾಸದಂತೆ ಕಾಣಬಹುದು. ಆದರೆ ವಾತ್ಸ್ಯಾಯನನು ಹೆಸರಿಸಿದ ಅರವತ್ತನಾಲ್ಕು ಕಲೆಗಳಲ್ಲಿಯೇ ‘ಕಾವ್ಯಸಮಸ್ಯಾಪೂರಣ’ವೂ ಒಂದು. ಮೇಲ್ನೋಟಕ್ಕೆ ಅಸಂಬದ್ಧವಾಗಿ ತೋರುವ ಕೊನೆಯ ಸಾಲೊಂದನ್ನು ಕೊಟ್ಟರೆ, ಕವಿಯು ಹಿಂದಿನ ಸಾಲುಗಳನ್ನು ರಚಿಸಿ ಅದಕ್ಕೆ ಅರ್ಥ ತುಂಬಬೇಕು. ಇದೇ ಸಮಸ್ಯಾಪೂರ್ತಿ. ಭೋಜರಾಜ ಮತ್ತು ಕಾಳಿದಾಸರ ಹೆಸರಿನಲ್ಲಿ ನಾವು ಕೇಳಿ ಬೆಳೆದ ಎಷ್ಟೋ ಕಥೆಗಳ ಜೀವಾಳವೂ ಇದೇ ಆಗಿದೆ.

ಈ ಕಲೆ ತನ್ನ ಪೂರ್ಣ ರೂಪದಲ್ಲಿ ಕಾಣುವುದು ಅವಧಾನದಲ್ಲಿ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯ ಮುಂದೆ ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯ ಸಾಲನ್ನು ಕೊಡುತ್ತಾರೆ. ಇನ್ನೊಬ್ಬರು ನಾಲ್ಕು ಪದಗಳನ್ನು ಕೊಟ್ಟು ಅವನ್ನು ಬೇರೆಯೇ ಅರ್ಥದಲ್ಲಿ ಬಳಸಿ ಪದ್ಯ ಹೇಳಬೇಕೆನ್ನುತ್ತಾರೆ, ಇದು ದತ್ತಪದಿ. ನಿಷೇಧಾಕ್ಷರಿಯಲ್ಲಿ ಪೃಚ್ಛಕರು ಹೆಜ್ಜೆಹೆಜ್ಜೆಗೂ ಒಂದೊಂದು ಅಕ್ಷರವನ್ನು ನಿಷೇಧಿಸುತ್ತಾ ಹೋಗುತ್ತಾರೆ. ಈ ನಡುವೆ ಅಪ್ರಸ್ತುತ ಪ್ರಸಂಗಿಯು ಸಂಬಂಧವಿಲ್ಲದ ಪ್ರಶ್ನೆಗಳನ್ನು ಕೇಳಿ ಏಕಾಗ್ರತೆಗೆ ಭಂಗ ತರುತ್ತಾನೆ. ಕಾಗದ ಲೇಖನಿಗಳ ನೆರವಿಲ್ಲದೆ ಸುತ್ತಿಗೊಂದು ಪಾದದಂತೆ ಪದ್ಯಗಳು ಬೆಳೆಯುತ್ತವೆ. ಕೊನೆಗೆ ಅವೆಲ್ಲವನ್ನೂ ನೆನಪಿನಿಂದಲೇ ಒಪ್ಪಿಸಬೇಕು. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿ, ಈ ಕಲೆಗೆ ನಮ್ಮ ನುಡಿಯಲ್ಲಿರುವ ಅವಕಾಶವನ್ನು ತೋರಿಸಿಕೊಟ್ಟರು.

ಇದು ವಿದ್ವಾಂಸರ ಸೊತ್ತು ಮಾತ್ರವೇ ಎಂದು ಕೇಳಬಹುದು. ತ್ರಿಪದಿಯ ಇತಿಹಾಸ ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳು ದೊರೆಯುತ್ತವೆ. ಹನ್ನೊಂದು ಗಣಗಳ ಈ ಪುಟ್ಟ ಪದ್ಯದಲ್ಲಿ ಆರನೆಯ ಮತ್ತು ಹತ್ತನೆಯ ಗಣಗಳು ಚಿಕ್ಕವು, ಉಳಿದವು ದೊಡ್ಡವು. ಈ ನಿಯಮವನ್ನು ಎಂದೂ ಓದಿರದ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಇದೇ ಅಳತೆಯಲ್ಲಿ ಸಾವಿರಾರು ಪದ್ಯಗಳನ್ನು ಕಟ್ಟಿದರು. ಒಬ್ಬಳು ಎತ್ತಿಕೊಂಡ ಸಾಲನ್ನು ಎದುರಿಗಿದ್ದವಳು ಮುಂದುವರಿಸುತ್ತಿದ್ದಳು. ಸರ್ವಜ್ಞನು ನೀತಿಯನ್ನೂ ಒಗಟನ್ನೂ ಹೇಳಿದ್ದು ಈ ಮೂರು ಸಾಲುಗಳಲ್ಲಿಯೇ. ಒಗಟೆಂದರೂ ಉತ್ತರವನ್ನು ಬೇಡುವ ಪದ್ಯವೇ ಅಲ್ಲವೇ?

ಇಪ್ಪತ್ತನೆಯ ಶತಮಾನದಲ್ಲಿ ಇಂಥದೇ ಕೆಲಸವನ್ನು ನಾಲ್ಕು ಸಾಲಿನ ಚುಟುಕ ಮಾಡಿತು. ಉತ್ತರ ಕನ್ನಡದ ದಿನಕರ ದೇಸಾಯಿಯವರು (1909–1982) ರೈತ ಚಳವಳಿಯಲ್ಲಿ ದುಡಿದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ಕಟ್ಟಿದವರು. 1967ರಲ್ಲಿ ಲೋಕಸಭೆಗೆ ಆಯ್ಕೆಯಾದವರು. ಅವರ ಚೌಪದಿಗಳು ಅಂದಂದಿನ ರಾಜಕಾರಣಕ್ಕೂ ಜನಜೀವನಕ್ಕೂ ಕೊಟ್ಟ ಉತ್ತರಗಳಾಗಿದ್ದವು. ಓದುಗರು ಅವರನ್ನು ‘ಚುಟುಕ ಬ್ರಹ್ಮ’ ಎಂದು ಕರೆದರು. ಅವರನ್ನು ಓದಿ ತಾವೂ ನಾಲ್ಕು ಸಾಲು ಬರೆಯಲು ಮುಂದಾದವರು ಬಹಳ ಮಂದಿ.

ನಾವು ನೆಲೆಸಿರುವ ಒಮಾನ್ ದೇಶಕ್ಕೂ ಈ ಬಗೆಯ ಕಾವ್ಯ ಹೊಸದಲ್ಲ. ಇಲ್ಲಿನ ಬೆದುಯಿನ್ ಜನರ ‘ತಗ್ರೂದಾ’ ಒಂಟೆಯ ಸವಾರರು ದಾರಿಯುದ್ದಕ್ಕೂ ಹಾಡುವ ಆಶುಕಾವ್ಯ. ಪದ್ಯವೊಂದಕ್ಕೆ ಏಳು ಸಾಲು ಮೀರದ ಮಿತಿ. ಒಂದು ಗುಂಪು ಸಾಲನ್ನು ಎತ್ತಿದರೆ ಇನ್ನೊಂದು ಗುಂಪು ದನಿಗೂಡಿಸಿ ಮರುನುಡಿಯುತ್ತದೆ. ಒಮಾನ್ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳ ಈ ಪರಂಪರೆಯನ್ನು ಯುನೆಸ್ಕೊ 2012ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀಸುವ ಕಲ್ಲಿನ ಎದುರುಬದುರಿಗೂ ಮರಳುಗಾಡಿನ ಈ ಎರಡು ಗುಂಪುಗಳಿಗೂ ಎಷ್ಟು ಸಾಮ್ಯ! ಎರಡು ಕಡೆಯೂ ದುಡಿಮೆಯ ಲಯವೇ ಛಂದಸ್ಸಾಗಿದೆ. ಎರಡು ಕಡೆಯೂ ಪದ್ಯಕ್ಕೆ ಇಬ್ಬರು ಬೇಕು.

ಈ ಇತಿಹಾಸ ನಮಗೆ ಮುಖ್ಯವಾಗುವುದು ಇಲ್ಲಿಯೇ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಅರ್ಥವಾಗುತ್ತದೆ; ಆದರೆ ಅವರ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಕೇಳುವ ಭಾಷೆಯಾಗಿ ಮಾತ್ರ ಉಳಿದ ನುಡಿಯು ಮುಂದಿನ ತಲೆಮಾರಿಗೆ ದಾಟುವುದು ಕಷ್ಟ. ಸಮಸ್ಯಾಪೂರ್ತಿಯಾಗಲಿ ದತ್ತಪದಿಯಾಗಲಿ ಕೇಳುವುದು ಉತ್ತರವನ್ನು, ಅದೂ ಅದೇ ನುಡಿಯಲ್ಲಿ. ಪದ್ಯ ಚಿಕ್ಕದಾದ್ದರಿಂದ ಅಂಜಿಕೆಯೂ ಕಡಿಮೆ.

ನಮ್ಮ ಸುತ್ತಲಿನ ಊರುಗಳನ್ನೇ ದತ್ತಪದಿಯಾಗಿ ಕೊಡಬಹುದು: ಸೂರ್, ಸೀಬ್, ಇಬ್ರಿ, ಕುರಿಯಾತ್. ನಿಯಮವೆಂದರೆ ಇವು ಊರುಗಳ ಹೆಸರಾಗಿ ಬರಕೂಡದು. ಮಾದರಿಗಾಗಿ ಒಂದು ಚುಟುಕ:

ಸೂರ ಕೆಳಗೆ ಅಜ್ಜಿ ಕುಳಿತು ಕಥೆಯ ಹೇಳುವಾಗ
ಸೀಬೆ ಹಣ್ಣು ಇಬ್ರಿಗೆಂದು ಸಮನೆ ಹಂಚಿದಾಗ
ಬೇಲಿಯಾಚೆ ಕುರಿಯಾತನು ನಿಂತು ಒಮ್ಮೆ ಕೂಗಿ
‘ನನ್ನ ಪಾಲು ಎಲ್ಲಿ?’ ಎಂದ ಕೈಯ ಚಾಚಿ ಬಾಗಿ

ಹೆಚ್ಚಿನ ಸಾಲುಗಳಲ್ಲಿ ಮೂರು ಮೂರು ಮಾತ್ರೆಯ ಏಳು ಗುಂಪುಗಳು. ಕೈತಾಳ ಹಾಕಿದರೆ ಮಗುವಿಗೂ ಲೆಕ್ಕ ಸಿಗುತ್ತದೆ. ‘ಸೂರು’ ಎಂದರೇನು, ‘ಇಬ್ಬರಿಗೆ’ ಎಂಬುದು ಆಡುಮಾತಿನಲ್ಲಿ ‘ಇಬ್ರಿಗೆ’ ಆಗುವುದು ಹೇಗೆ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಊರಿನಲ್ಲಿರುವ ಅಜ್ಜ ಅಜ್ಜಿಯರು ವಾರಾಂತ್ಯದ ಫೋನ್ ಕರೆಯಲ್ಲಿ ಒಂದು ಸಾಲು ಕೊಟ್ಟು, ಮುಂದಿನ ವಾರ ಮೊಮ್ಮಕ್ಕಳಿಂದ ಉಳಿದ ಮೂರನ್ನು ಕೇಳಬಹುದು. ಮಕ್ಕಳ ಪದ್ಯದಲ್ಲಿ ಮಾತ್ರೆ ತಪ್ಪಿದರೂ ಚಿಂತೆಯಿಲ್ಲ, ತಿದ್ದಿಕೊಳ್ಳಬಹುದು. ಉತ್ತರ ಕನ್ನಡದಲ್ಲಿ ಬಂದಿತೇ ಎಂಬುದೇ ಇಲ್ಲಿ ಮುಖ್ಯ.