ಬರ್ಡ್ಸ್ ತಂಡ ಮತ್ತು ಕಂಟ್ರಿ ಸಂಗೀತ: ಕಾಲಕ್ರಮದ ಒಂದು ಮರುಪರಿಶೀಲನೆ

ಅಮೆರಿಕದ ರಾಕ್ ಸಂಗೀತದ ಚರಿತ್ರೆಯಲ್ಲಿ ‘ದಿ ಬರ್ಡ್ಸ್’ ತಂಡದ ಬಗ್ಗೆ ಒಂದು ಸಿದ್ಧ ಕಥೆ ಚಾಲ್ತಿಯಲ್ಲಿದೆ. 1968ರ ಆರಂಭದಲ್ಲಿ ಗ್ರಾಮ್ ಪಾರ್ಸನ್ಸ್ ಎಂಬ ದಕ್ಷಿಣ ಸೀಮೆಯ ತರುಣ ತಂಡಕ್ಕೆ ಬಂದ. ಲಾಸ್ ಏಂಜಲೀಸಿನ ರಾಕ್ ಹುಡುಗರಿಗೆ ಕಂಟ್ರಿ ಹಾಡಿನ ಹುಚ್ಚು ಹಿಡಿಸಿದ. ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಎಂಬ ಆಲ್ಬಂ ಮಾಡಿಸಿ ಕೆಲವೇ ತಿಂಗಳಲ್ಲಿ ಹೊರಟುಹೋದ. ಕಂಟ್ರಿ ರಾಕ್ ಹುಟ್ಟಿದ್ದು ಹಾಗೆ ಎನ್ನುತ್ತಾರೆ. 1973ರಲ್ಲಿ, ಇನ್ನೂ 26ರ ಹರೆಯದಲ್ಲೇ ಪಾರ್ಸನ್ಸ್ ತೀರಿಕೊಂಡದ್ದರಿಂದ ಕಥೆಗೆ ಒಬ್ಬ ದುರಂತ ನಾಯಕನೂ ಸಿಕ್ಕ. ಆದರೆ ತಂಡದ ಮುದ್ರಿಕೆಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಕೇಳುತ್ತ, ಯಾವ ಹಾಡನ್ನು ಬರೆದವರು ಯಾರು, ನುಡಿಸಿದವರು ಯಾರು ಎಂದು ನೋಡುತ್ತ ಹೋದರೆ ಈ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಪಾರ್ಸನ್ಸ್‌ಗಿಂತ ಎರಡು ವರ್ಷ ಮೊದಲೇ ಬರ್ಡ್ಸ್ ಕಂಟ್ರಿ ಹಾಡುತ್ತಿತ್ತು; ಆತ ಹೋದ ಮೇಲೆಯೂ ಬಿಡಲಿಲ್ಲ.

ತಂಡ ಕೂಡಿದ್ದು 1964ರಲ್ಲಿ. ಮೆಗ್ವಿನ್ (ಆಗ ಜಿಮ್, ಮುಂದೆ ರೋಜರ್), ಜೀನ್ ಕ್ಲಾರ್ಕ್, ಡೇವಿಡ್ ಕ್ರಾಸ್ಬಿ, ಈ ಮೂವರೂ ಜಾನಪದ ಗಾಯನದ ವಲಯದಿಂದ ಬಂದವರು. ಡ್ರಮ್ಸ್‌ಗೆ ಮೈಕಲ್ ಕ್ಲಾರ್ಕ್. 1965ರಲ್ಲಿ ಬಾಬ್ ಡಿಲನ್ ರಚನೆ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಇವರ ದನಿಯಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿತು. ಅದರಲ್ಲಿ ಮೆಗ್ವಿನ್‌ನ ಹನ್ನೆರಡು ತಂತಿಯ ಗಿಟಾರ್ ಬಿಟ್ಟರೆ ಉಳಿದ ವಾದ್ಯಗಳನ್ನೆಲ್ಲ ನುಡಿಸಿದವರು ಸ್ಟುಡಿಯೊದ ಕೂಲಿ ವಾದಕರು. ಆಲ್ಬಂ ಹೊದಿಕೆಯ ಮೇಲಿನ ಮುಖಗಳನ್ನೇ ನೆಚ್ಚಿಕೊಂಡು ಈ ತಂಡದ ಚರಿತ್ರೆ ಬರೆಯಬಾರದು ಎಂಬುದಕ್ಕೆ ಮೊದಲ ಹಾಡೇ ಸಾಕ್ಷಿ.

ಐದನೆಯವನು ಕ್ರಿಸ್ ಹಿಲ್‌ಮನ್. ಬರ್ಡ್ಸ್ ಸೇರುವ ಮುನ್ನ ಆತ ಬೇಸ್ ಗಿಟಾರ್ ನುಡಿಸಿದವನೇ ಅಲ್ಲ. ಅವನದು ಕಂಟ್ರಿಯದೇ ಕವಲಾದ ಬ್ಲೂಗ್ರಾಸ್ ಶೈಲಿಯ ಮ್ಯಾಂಡೊಲಿನ್. ಹದಿಹರೆಯದಲ್ಲೇ ‘ಸ್ಕಾಟ್ಸ್‌ವಿಲ್ ಸ್ಕ್ವಿರಲ್ ಬಾರ್ಕರ್ಸ್’ ಎಂಬ ತಂಡದಲ್ಲಿದ್ದ. ನಂತರ ವರ್ನ್ ಮತ್ತು ರೆಕ್ಸ್ ಗಾಸ್ಡಿನ್ ಸೋದರರ ಜೊತೆಗೂಡಿ ನುಡಿಸಿದ. ವರ್ನ್ ಗಾಸ್ಡಿನ್ ಮುಂದೆ ಕಂಟ್ರಿ ಲೋಕದ ದೊಡ್ಡ ಗಾಯಕನಾದವನು. ತಂಡದೊಳಗೆ ಕಂಟ್ರಿಯ ತವರು ಯಾವುದು ಎಂದು ಹುಡುಕುವವರು ಈ ಹಿನ್ನೆಲೆಯನ್ನು ದಾಟಿ ಹೋಗುವಂತಿಲ್ಲ.

1965ರ ಕೊನೆಯ ‘ಟರ್ನ್! ಟರ್ನ್! ಟರ್ನ್!’ ಆಲ್ಬಂನಲ್ಲಿ ‘ಸ್ಯಾಟಿಸ್‌ಫೈಡ್ ಮೈಂಡ್’ ಇದೆ. ಹತ್ತು ವರ್ಷ ಹಿಂದೆ ಪೋರ್ಟರ್ ವ್ಯಾಗನರ್ ಹಾಡಿ ಗೆದ್ದ ಅಪ್ಪಟ ಕಂಟ್ರಿ ಗೀತೆ. ಅದನ್ನು ಸೂಚಿಸಿದವನು ಹಿಲ್‌ಮನ್. ಮರುವರ್ಷದ ‘ಎಯ್ಟ್ ಮೈಲ್ಸ್ ಹೈ’ ಹಾಡಿನಲ್ಲಿ ಜಾಝ್‌ನ ಜಾನ್ ಕೋಲ್ಟ್ರೇನ್ ಮತ್ತು ಸಿತಾರ್‌ನ ರವಿಶಂಕರ್ ಅವರ ಪ್ರಭಾವ ಎದ್ದು ಕಂಡದ್ದರಿಂದ ವಿಮರ್ಶಕರ ಕಿವಿಯೆಲ್ಲ ಅತ್ತಲೇ ಹೋಯಿತು. ಆದರೆ 1967ರ ‘ಯಂಗರ್ ದ್ಯಾನ್ ಯೆಸ್ಟರ್‌ಡೇ’ ಆಲ್ಬಂ ನೋಡಿ. ‘ಟೈಮ್ ಬಿಟ್ವೀನ್’, ‘ದಿ ಗರ್ಲ್ ವಿತ್ ನೋ ನೇಮ್’ ಎರಡೂ ಹಿಲ್‌ಮನ್ ಒಬ್ಬನೇ ಬರೆದವು. ಎರಡರಲ್ಲೂ ಗಿಟಾರ್ ನುಡಿಸಿದವನು ‘ಕೆಂಟಕಿ ಕರ್ನಲ್ಸ್’ ಎಂಬ ಬ್ಲೂಗ್ರಾಸ್ ತಂಡದ ಕ್ಲಾರೆನ್ಸ್ ವೈಟ್. ಇನ್ನೊಂದು ಸ್ವಾರಸ್ಯವಿದೆ. ದಕ್ಷಿಣ ಆಫ್ರಿಕದ ಗಾಯಕಿ ಲೆಟ್ಟಾ ಂಬುಲು ಅವರ ಮುದ್ರಣದಲ್ಲಿ ಹ್ಯೂ ಮಸೆಕೇಲಾ ಬಳಗದ ಜೊತೆ ಬೇಸ್ ನುಡಿಸಿ ಬಂದ ಮೇಲೆ ತನಗೆ ಹಾಡು ಬರೆಯುವ ಹುರುಪು ಹುಟ್ಟಿತು ಎಂದು ಹಿಲ್‌ಮನ್ನೇ ಹೇಳಿಕೊಂಡಿದ್ದಾನೆ. ಕಂಟ್ರಿ ರಾಕ್‌ನ ವಂಶಾವಳಿ ಬರೆಯುವವರು ಜೋಹಾನ್ಸ್‌ಬರ್ಗ್‌ಗೂ ಒಂದು ಕೊಂಬೆ ಬಿಡಬೇಕಾದೀತು.

1967ರ ಅಕ್ಟೋಬರಿನಲ್ಲಿ ಕ್ರಾಸ್ಬಿಯನ್ನು ತಂಡದಿಂದ ತೆಗೆದರು. ಅದಕ್ಕೂ ಮುಂಚೆ ಜೀನ್ ಕ್ಲಾರ್ಕ್ ಬಿಟ್ಟಿದ್ದ. ವರ್ಷ ಮುಗಿಯುವಷ್ಟರಲ್ಲಿ ಮೈಕಲ್ ಕ್ಲಾರ್ಕ್ ಕೂಡ ಹೊರಗೆ. ಉಳಿದವರು ಮೆಗ್ವಿನ್, ಹಿಲ್‌ಮನ್ ಇಬ್ಬರೇ. ಡ್ರಮ್ಸ್‌ಗೆ ಹಿಲ್‌ಮನ್‌ನ ಸೋದರ ಸಂಬಂಧಿ ಕೆವಿನ್ ಕೆಲ್ಲಿಯೂ, ಅವನ ಹಿಂದೆಯೇ ಪಾರ್ಸನ್ಸ್ ಕೂಡ ಬಂದದ್ದು ಈ ಸಂದರ್ಭದಲ್ಲಿ. ಕೊಲಂಬಿಯಾ ಕಂಪನಿಯೊಡನೆ ಒಪ್ಪಂದವಿದ್ದದ್ದು ಹಳಬರಿಬ್ಬರಿಗೆ ಮಾತ್ರ, ಹೊಸಬರು ಸಂಬಳದವರು. ಮೆಗ್ವಿನ್‌ನ ಮನಸ್ಸಿನಲ್ಲಿದ್ದುದು ಹಳೆಯ ಬೆಟ್ಟದ ಹಾಡುಗಳಿಂದ ಎಲೆಕ್ಟ್ರಾನಿಕ್ ಸಂಗೀತದವರೆಗೆ ಅಮೆರಿಕದ ಸಂಗೀತ ಚರಿತ್ರೆಯನ್ನೆಲ್ಲ ಹೇಳುವ ಜೋಡಿ ಆಲ್ಬಂ. ಪಿಯಾನೊಗೆಂದು ಕರೆದ ಹುಡುಗ ಪಾರ್ಸನ್ಸ್ ಇಡೀ ಯೋಜನೆಯನ್ನು ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನತ್ತ ತಿರುಗಿಸಿದ. ಅದು ಸಾಧ್ಯವಾದದ್ದು ಹಿಲ್‌ಮನ್ ಅವನ ಪಕ್ಕಕ್ಕೆ ನಿಂತದ್ದರಿಂದ.

1968ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಮುದ್ರಣ ಶುರುವಾಯಿತು. ಪೆಡಲ್ ಸ್ಟೀಲ್ ಗಿಟಾರಿಗೆ ಅಲ್ಲಿಯ ಲಾಯ್ಡ್ ಗ್ರೀನ್. ಬ್ಯಾಂಜೊ, ಪಿಟೀಲಿಗೆ ಜಾನ್ ಹಾರ್ಟ್‌ಫರ್ಡ್. ಲಾಸ್ ಏಂಜಲೀಸಿನ ಮುದ್ರಣಗಳಲ್ಲಿ ಸ್ಟೀಲ್ ನುಡಿಸಿದವನು ಜೇಡೀ ಮೇನೆಸ್. ಅದೇ ತಿಂಗಳು ರೈಮನ್ ಸಭಾಂಗಣದಲ್ಲಿ ಕಂಟ್ರಿಯ ಹೆಸರಾಂತ ರೇಡಿಯೊ ಕಾರ್ಯಕ್ರಮ ‘ಗ್ರಾಂಡ್ ಓಲ್ ಆಪ್ರಿ’ಯ ವೇದಿಕೆಗೆ ತಂಡ ಹತ್ತಿತು. ಮೊದಲು ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್‌ನ ಹಾಡೊಂದನ್ನು ಹಾಡಿದರು. ಎರಡನೆಯದೂ ಹ್ಯಾಗರ್ಡ್‌ನದೇ ಎಂದು ನಿಗದಿಯಾಗಿದ್ದಾಗ ಪಾರ್ಸನ್ಸ್, ಯಾರನ್ನೂ ಕೇಳದೆ, ತನ್ನ ಅಜ್ಜಿಗೆ ಅರ್ಪಿಸಿ ತಾನೂ ಬಾಬ್ ಬುಕ್ಯಾನನ್ನೂ ಬರೆದ ‘ಹಿಕರಿ ವಿಂಡ್’ ಎತ್ತಿಕೊಂಡ. ಆಪ್ರಿಯ ಶಿಸ್ತಿಗೆ ಅದು ಅಪಚಾರ, ಆತಿಥೇಯರು ಕೆರಳಿದರು.

ಈಗ ತೊಡಕಿನ ವಿಷಯ. ಪಾರ್ಸನ್ಸ್ ಬರ್ಡ್ಸ್ ಸೇರುವ ಮುನ್ನವೇ ನಿರ್ಮಾಪಕ ಲೀ ಹೇಜಲ್‌ವುಡ್‌ನ ಕಂಪನಿಗೆ ಕರಾರು ಬರೆದುಕೊಟ್ಟಿದ್ದ. ಅಲ್ಲಿಂದ ದಾವೆಯ ಬೆದರಿಕೆ ಬಂತು. ಪಾರ್ಸನ್ಸ್ ಹಾಡಿದ್ದ ಕೆಲವು ಗೀತೆಗಳ ದನಿ ಅಳಿಸಿ ‘ದಿ ಕ್ರಿಶ್ಚಿಯನ್ ಲೈಫ್’, ‘ಯು ಡೋಂಟ್ ಮಿಸ್ ಯುವರ್ ವಾಟರ್’ ಎರಡನ್ನು ಮೆಗ್ವಿನ್, ‘ಒನ್ ಹಂಡ್ರೆಡ್ ಇಯರ್ಸ್ ಫ್ರಂ ನೌ’ ಗೀತೆಯನ್ನು ಮೆಗ್ವಿನ್ ಮತ್ತು ಹಿಲ್‌ಮನ್ ಮತ್ತೆ ಹಾಡಿದರು. ಮೆಗ್ವಿನ್ ಹೇಳುವ ಕಾರಣ ಈ ದಾವೆ. ನಿರ್ಮಾಪಕ ಗ್ಯಾರಿ ಅಷರ್ ಹೇಳಿಕೆ ಬೇರೆ: ಕಾನೂನಿನ ತಕರಾರು ಬಗೆಹರಿದಿತ್ತು, ದನಿ ಬದಲಿಸಿದ್ದು ಆಲ್ಬಂ ಪೂರ್ತಿ ಪಾರ್ಸನ್ಸ್‌ಮಯವಾಗದಿರಲೆಂದು. ನನ್ನ ತೂಕ ಅಷರ್ ಕಡೆಗೆ. ಹೊರಬಂದ 11 ಗೀತೆಗಳಲ್ಲಿ ಪಾರ್ಸನ್ಸ್‌ನ ಮುಖ್ಯ ಗಾಯನ ಮೂರರಲ್ಲಿ ಹಾಗೆಯೇ ಇದೆ. ಕರಾರಿನ ಭಯವೊಂದೇ ಕಾರಣವಾಗಿದ್ದರೆ ಆ ಮೂರು ಉಳಿದದ್ದು ಹೇಗೆ? ಅಳಿಸಿದ ಗಾಯನ 1990ರ ನಂತರದ ಸಂಪುಟಗಳಲ್ಲಿ ಹೊರಬಂದಿರುವುದರಿಂದ ಹೋಲಿಸಿ ಕೇಳಲು ಸಾಧ್ಯ. ‘ದಿ ಕ್ರಿಶ್ಚಿಯನ್ ಲೈಫ್’ನಲ್ಲಿ ಮೆಗ್ವಿನ್ ದಕ್ಷಿಣದ ಉಚ್ಚಾರವನ್ನು ಅಣಕದ ಅಂಚಿಗೆ ಎಳೆಯುತ್ತಾನೆ, ಪಾರ್ಸನ್ಸ್ ಅದೇ ಸಾಲುಗಳನ್ನು ನಂಬಿ ಹಾಡುತ್ತಾನೆ. ಆದರೂ ‘ಯು ಡೋಂಟ್ ಮಿಸ್ ಯುವರ್ ವಾಟರ್’ನಲ್ಲಿ ನನಗೆ ಮೆಗ್ವಿನ್ನೇ ಹಿಡಿಸುತ್ತಾನೆ. ಅದು ಮೂಲದಲ್ಲಿ ವಿಲಿಯಂ ಬೆಲ್‌ನ ಸೋಲ್ ಗೀತೆ ಎಂಬುದನ್ನೂ ಮರೆಯುವಂತಿಲ್ಲ.

ಆಲ್ಬಂ ಆಗಸ್ಟ್ ಕೊನೆಯಲ್ಲಿ ಹೊರಬಂದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 77ಕ್ಕೆ ನಿಂತಿತು. ಅಷ್ಟರಲ್ಲಿ ಪಾರ್ಸನ್ಸ್ ಇರಲಿಲ್ಲ: ವರ್ಣಭೇದದ ದಕ್ಷಿಣ ಆಫ್ರಿಕಕ್ಕೆ ತಂಡದ ಪ್ರವಾಸದಲ್ಲಿ ಬರಲಾರೆನೆಂದು ಜುಲೈನಲ್ಲಿ ಲಂಡನ್ನಿನಲ್ಲೇ ಉಳಿದುಬಿಟ್ಟ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಸಹವಾಸದ ಸೆಳೆತವೇ ನಿಜವಾದ ಕಾರಣ ಎಂಬುದು ಹಿಲ್‌ಮನ್‌ನ ಗುಮಾನಿ. ಗುಮಾನಿಯೇನೇ ಇರಲಿ, ವರ್ಷ ಮುಗಿಯುವ ಮೊದಲೇ ಹಿಲ್‌ಮನ್ನೂ ಬರ್ಡ್ಸ್ ತೊರೆದು ಪಾರ್ಸನ್ಸ್ ಜೊತೆ ‘ಫ್ಲೈಯಿಂಗ್ ಬರಿಟೊ ಬ್ರದರ್ಸ್’ ಕಟ್ಟಿದ.

ಸಿದ್ಧ ಕಥೆ ಮುಗಿಯುವುದು ಇಲ್ಲಿಗೆ, ಬರ್ಡ್ಸ್ ಮುಗಿಯಲಿಲ್ಲ. 1968ರಲ್ಲೇ ಕ್ಲಾರೆನ್ಸ್ ವೈಟ್ ಪೂರ್ಣಾವಧಿಗೆ ಸೇರಿದ. ಡ್ರಮ್ಸ್‌ಗೆ ಜೀನ್ ಪಾರ್ಸನ್ಸ್ ಬಂದ (ಗ್ರಾಮ್‌ಗೆ ನಂಟನಲ್ಲ). ಇವರಿಬ್ಬರೂ ಸೇರಿ ರೂಪಿಸಿದ ಸಾಧನವೊಂದು ವೈಟ್‌ನ ಟೆಲಿಕ್ಯಾಸ್ಟರ್ ಗಿಟಾರಿನೊಳಗಿತ್ತು. ಗಿಟಾರಿನ ಕತ್ತನ್ನು ಕೆಳಕ್ಕೆ ಒತ್ತಿದರೆ ಹೆಗಲ ಪಟ್ಟಿಗೆ ಸಿಕ್ಕಿಸಿದ ಸನ್ನೆಕೋಲೊಂದು ಎರಡನೆಯ ತಂತಿಯನ್ನು ಬಿಗಿದು ಶ್ರುತಿಯನ್ನು ಒಂದು ಪೂರ್ಣ ಸ್ವರದಷ್ಟು ಏರಿಸುತ್ತದೆ. ಉಳಿದ ತಂತಿಗಳು ಮಿಸುಕುವುದಿಲ್ಲ. ಕರ್ನಾಟಕ ಸಂಗೀತದ ಜಾರು ಬಲ್ಲವರಿಗೆ ಆ ಏರುವಿಕೆ ಅಪರಿಚಿತವೆನಿಸದು. ಪೆಡಲ್ ಸ್ಟೀಲ್ ವಾದಕ ಕಾಲಲ್ಲಿ ತರುವ ನಾದವನ್ನು ನಿಂತ ಗಿಟಾರಿನಲ್ಲೇ ತರುವ ಉಪಾಯ ಇದು. ‘ಬ್ಯಾಲಡ್ ಆಫ್ ಈಸಿ ರೈಡರ್’ನಿಂದ 1971ರ ‘ಫಾರ್ದರ್ ಅಲಾಂಗ್’ವರೆಗೆ ಎಲ್ಲ ಆಲ್ಬಂಗಳಲ್ಲಿ ಅದು ಕೇಳುತ್ತದೆ. ಹಾಡುಗಳು ಸಮನಾಗಿಲ್ಲ, ‘ಬರ್ಡ್‌ಮೇನಿಯಾಕ್ಸ್’ ಅಂತೂ ಸೊರಗಿದ ಆಲ್ಬಂ. ಆದರೆ ಆ ಗಿಟಾರ್ ಎಲ್ಲೂ ಕೈಬಿಡುವುದಿಲ್ಲ. 1973ರ ಜುಲೈನಲ್ಲಿ ಕುಡಿದು ವಾಹನ ಓಡಿಸುತ್ತಿದ್ದವರಿಂದಾದ ಅಪಘಾತದಲ್ಲಿ ವೈಟ್ ಸತ್ತ.

ಅವನ ಗಿಟಾರ್ ಈಗ ಕಂಟ್ರಿ ಗಾಯಕ ಮಾರ್ಟಿ ಸ್ಟುವರ್ಟ್ ಬಳಿ ಇದೆ. 2018ರಲ್ಲಿ, ‘ಸ್ವೀಟ್‌ಹಾರ್ಟ್’ ಆಲ್ಬಂಗೆ 50 ತುಂಬಿದಾಗ, ಮೆಗ್ವಿನ್ ಮತ್ತು ಹಿಲ್‌ಮನ್ ಸ್ಟುವರ್ಟ್‌ನನ್ನೂ ಅವನ ತಂಡವನ್ನೂ ಕೂಡಿಸಿಕೊಂಡು ಊರೂರಲ್ಲಿ ಅದರ ಹಾಡುಗಳನ್ನು ಹಾಡಿದರು. ಲಾಯ್ಡ್ ಗ್ರೀನ್, ಜೇಡೀ ಮೇನೆಸ್ ಅದೇ ವರ್ಷ ಆ ಆಲ್ಬಂನ ಗೀತೆಗಳನ್ನು ಎರಡು ಸ್ಟೀಲ್ ಗಿಟಾರುಗಳನ್ನು ಮುಂದಿಟ್ಟುಕೊಂಡು ಮರುಮುದ್ರಿಸಿದರು.