ವಾರಾಂತ್ಯದ ವೈಮಾನಿಕರು

1939ರ ಅಕ್ಟೋಬರ್ 16, ಸೋಮವಾರ. ಎರಡನೆಯ ಮಹಾಯುದ್ಧ ಆರಂಭವಾಗಿ ಆರು ವಾರಗಳಾಗಿದ್ದವು. ಅಂದು ಮಧ್ಯಾಹ್ನ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಸಮೀಪದ ಫೋರ್ತ್ ಕೊಲ್ಲಿಯ ಮೇಲೆ ಜರ್ಮನಿಯ ಯುಂಕರ್ಸ್ ಬಾಂಬರ್‌ಗಳು ಕಾಣಿಸಿಕೊಂಡವು. ಅವುಗಳ ಗುರಿ, ಅಲ್ಲಿನ ಪ್ರಸಿದ್ಧ ರೈಲು ಸೇತುವೆಯ ಬಳಿ ನಿಂತಿದ್ದ ಬ್ರಿಟಿಷ್ ಯುದ್ಧನೌಕೆಗಳು. ನಗರದಲ್ಲಿ ಅಪಾಯದ ಸೈರನ್ ಕೂಡ ಮೊಳಗಿರಲಿಲ್ಲ. ನೌಕಾಪಡೆಯ 16 ಮಂದಿ ಅಂದಿನ ದಾಳಿಯಲ್ಲಿ ಸತ್ತರು.

ಆದರೆ ಬಂದ ಬಾಂಬರ್‌ಗಳಲ್ಲಿ ಎರಡು ಹಿಂದಿರುಗಲಿಲ್ಲ. ಸ್ಪಿಟ್‌ಫೈರ್ ವಿಮಾನಗಳು ಅಟ್ಟಿಸಿಕೊಂಡು ಹೋಗಿ ಅವನ್ನು ಸಮುದ್ರಕ್ಕೆ ಕೆಡವಿದವು. ಒಂದನ್ನು ಉರುಳಿಸಿದವರು 603ನೇ ಸ್ಕ್ವಾಡ್ರನ್ನಿನ ಪ್ಯಾಟ್ರಿಕ್ ಗಿಫರ್ಡ್. ಇನ್ನೊಂದನ್ನು ಉರುಳಿಸಿದವರು 602ನೇ ಸ್ಕ್ವಾಡ್ರನ್ನಿನ ಜಾರ್ಜ್ ಪಿಂಕರ್ಟನ್. ಆ ಯುದ್ಧದಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನೆಲಕಚ್ಚಿದ ಮೊದಲ ಶತ್ರು ವಿಮಾನಗಳಿವು. ಮೊದಲ ಗೌರವ ಯಾರಿಗೆ ಸಲ್ಲಬೇಕೆಂಬ ಬಗ್ಗೆ ಎಡಿನ್‌ಬರೋದ 603 ಮತ್ತು ಗ್ಲಾಸ್ಗೋದ 602ರ ನಡುವೆ ಬಹುಕಾಲ ಚರ್ಚೆ ನಡೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಗಿಫರ್ಡ್ ವೃತ್ತಿಯಿಂದ ವಕೀಲ. ಪಿಂಕರ್ಟನ್ ರೈತ. ಎರಡು ತಿಂಗಳ ಹಿಂದಷ್ಟೇ ಒಬ್ಬರು ಕಕ್ಷಿದಾರರ ಕಾಗದಪತ್ರ ನೋಡುತ್ತಿದ್ದರು, ಇನ್ನೊಬ್ಬರು ಹೊಲ ನೋಡಿಕೊಳ್ಳುತ್ತಿದ್ದರು. ಇಬ್ಬರೂ ಬ್ರಿಟನ್ನಿನ ‘ಆಕ್ಸಿಲರಿ ಏರ್‌ಫೋರ್ಸ್’, ಅಂದರೆ ಸಹಾಯಕ ವಾಯುಪಡೆಗೆ ಸೇರಿದವರು. ವಾರವಿಡೀ ತಮ್ಮ ಉದ್ಯೋಗ, ವಾರಾಂತ್ಯದಲ್ಲಿ ಯುದ್ಧವಿಮಾನ. ಇಂಥವರನ್ನು ನಂಬಿ ದೇಶದ ಆಕಾಶವನ್ನು ಬಿಡಬಹುದೇ ಎಂಬ ಪ್ರಶ್ನೆಗೆ ಹದಿನೈದು ವರ್ಷಗಳ ಕಾಲ ಉತ್ತರವಿರಲಿಲ್ಲ. ಆ ಮಧ್ಯಾಹ್ನ ಉತ್ತರ ಸಿಕ್ಕಿತು.

ಟ್ರೆಂಚರ್ಡ್ ಕಂಡ ದಾರಿ

ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಹುಟ್ಟಿದ್ದು 1918ರ ಏಪ್ರಿಲ್ 1ರಂದು. ಅದೇ ವರ್ಷ ಮೊದಲನೆಯ ಮಹಾಯುದ್ಧ ಮುಗಿಯಿತು. ಯುದ್ಧ ಮುಗಿದೊಡನೆ ಖಜಾನೆಯ ಕೈ ಬಿಗಿಯಾಯಿತು. ಹೊಸ ವಾಯುಪಡೆಯನ್ನು ಉಳಿಸಿಕೊಳ್ಳುವುದೇ ಕಷ್ಟವೆನಿಸಿದ್ದ ಆ ದಿನಗಳಲ್ಲಿ ಅದರ ಮುಖ್ಯಸ್ಥರಾಗಿದ್ದವರು ಹ್ಯೂ ಟ್ರೆಂಚರ್ಡ್. ಕಾಯಂ ಪಡೆಯನ್ನು ಬೆಳೆಸಲು ಹಣವಿಲ್ಲವೆಂದರೆ ನಾಗರಿಕರಿಂದಲೇ ಒಂದು ಎರಡನೆಯ ಸಾಲನ್ನು ಕಟ್ಟಬೇಕು ಎಂಬುದು ಅವರ ಲೆಕ್ಕಾಚಾರ. ಭೂಸೇನೆಯಲ್ಲಿ ಪ್ರಾದೇಶಿಕ ಸೇನೆಯ ಪದ್ಧತಿ ಆಗಲೇ ಇತ್ತು. ಅದನ್ನೇ ಆಕಾಶಕ್ಕೆ ಏರಿಸುವ ಯೋಚನೆಯನ್ನು ಅವರು 1919ರಲ್ಲೇ ಮುಂದಿಟ್ಟರು.

ಇದನ್ನು ಒಪ್ಪದವರ ವಾದದಲ್ಲೂ ಹುರುಳಿತ್ತು. ಬಂದೂಕು ಹಿಡಿಯುವುದನ್ನು ಬಿಡುವಿನ ವೇಳೆಯಲ್ಲಿ ಕಲಿಯಬಹುದು. ವಿಮಾನ ಹಾರಿಸುವುದು ಹಾಗಲ್ಲ. ಅಭ್ಯಾಸ ತಪ್ಪಿದ ವೈಮಾನಿಕ ಶತ್ರುವಿಗಿಂತ ಮೊದಲು ತನಗೇ ಅಪಾಯ. ಆದರೂ 1924ರಲ್ಲಿ ಕಾಯ್ದೆ ಜಾರಿಗೆ ಬಂದಿತು. ಮರುವರ್ಷ ಸೆಪ್ಟೆಂಬರ್ 12ರಂದು ಗ್ಲಾಸ್ಗೋ ಪಕ್ಕದ ರೆನ್‌ಫ್ರೂ ವಿಮಾನ ನಿಲ್ದಾಣದಲ್ಲಿ 602ನೇ ಸ್ಕ್ವಾಡ್ರನ್ ಸ್ಥಾಪನೆಯಾಯಿತು. ಸಹಾಯಕ ವಾಯುಪಡೆಯ ಸ್ಕ್ವಾಡ್ರನ್ನುಗಳಲ್ಲಿ ಮೊದಲು ರೂಪುಗೊಂಡದ್ದು ಇದೇ. ಅಕ್ಟೋಬರ್‌ನಲ್ಲಿ ಲಂಡನ್ನಿನ 600 ಮತ್ತು 601, ಎಡಿನ್‌ಬರೋದ 603 ಹುಟ್ಟಿಕೊಂಡವು.

ಊರಿನ ಹೆಸರು, ಊರಿನ ಜನ

ಈ ದಳಗಳಿಗೆ ಸಂಖ್ಯೆಯ ಜೊತೆಗೆ ಊರಿನ ಹೆಸರೂ ಇತ್ತು. 602ರ ಪೂರ್ಣ ಹೆಸರು ‘602 (ಸಿಟಿ ಆಫ್ ಗ್ಲಾಸ್ಗೋ) ಸ್ಕ್ವಾಡ್ರನ್’. ಅದು ಬರೀ ಅಲಂಕಾರವಲ್ಲ, ಇಡೀ ವ್ಯವಸ್ಥೆಯ ತಳಪಾಯವೇ ಅದು. ನೇಮಕ, ಕಟ್ಟಡಗಳ ವಿಚಾರಗಳನ್ನು ನೋಡಿಕೊಳ್ಳುತ್ತಿದ್ದುದು ಸ್ಥಳೀಯ ಪ್ರಮುಖರಿದ್ದ ಪ್ರಾದೇಶಿಕ ಸೇನಾ ಸಂಘಗಳು. ತರಬೇತಿಯ ಹೊಣೆ ಮಾತ್ರ ವಾಯುಪಡೆಯದು.

ಪ್ರತಿ ಸ್ಕ್ವಾಡ್ರನ್ನಿಗೆ ಎರಡು ನೆಲೆಗಳು. ಊರೊಳಗೊಂದು ಕಚೇರಿ, ಊರ ಹೊರಗೊಂದು ವಿಮಾನ ನಿಲ್ದಾಣ. ವಾರದ ದಿನಗಳಲ್ಲಿ ಸಂಜೆ ಕೆಲಸ ಮುಗಿಸಿದ ಸದಸ್ಯರು ಊರ ಕಚೇರಿಯಲ್ಲಿ ಸೇರಿ ಎಂಜಿನ್, ಬಂದೂಕು, ನಿಸ್ತಂತು ಇವುಗಳ ಪಾಠ ಕೇಳುತ್ತಿದ್ದರು. ಶನಿವಾರ, ಭಾನುವಾರ ಹಾರಾಟ. ಬೇಸಿಗೆಯಲ್ಲಿ ಹದಿನೈದು ದಿನಗಳ ಶಿಬಿರ. ಅನೇಕರ ವಾರ್ಷಿಕ ರಜೆ ಅಲ್ಲಿಗೇ ಮುಗಿಯುತ್ತಿತ್ತು. ಅಡ್ಜುಟೆಂಟ್, ಹಾರಾಟದ ಶಿಕ್ಷಕ, ಅನುಭವಿ ಮೆಕ್ಯಾನಿಕ್‌ಗಳು, ಹೀಗೆ ಕಾಯಂ ವಾಯುಪಡೆಯವರ ಪುಟ್ಟ ತಂಡವೊಂದು ಸದಾ ಅಲ್ಲಿದ್ದು ದಳವನ್ನು ನಡೆಸುತ್ತಿತ್ತು. ಉಳಿದವರೆಲ್ಲ ಊರಿನವರೇ.

ಇಲ್ಲಿ ಸಮಾಜದ ಮೇಲು ಕೀಳುಗಳೂ ಇದ್ದವು. ಪೈಲಟ್ ಅಧಿಕಾರಿಯಾಗಬಯಸುವವನು ಮೊದಮೊದಲು ತನ್ನ ಖರ್ಚಿನಲ್ಲೇ ಹಾರಾಟದ ಲೈಸೆನ್ಸ್ ಪಡೆಯಬೇಕಿತ್ತು. ಹೀಗಾಗಿ ಕಾಕ್‌ಪಿಟ್ಟಿನಲ್ಲಿ ಹೆಚ್ಚಾಗಿ ಕಂಡವರು ಉಳ್ಳವರು. ಲಂಡನ್ನಿನ 601ನ್ನು ಜನ ‘ಲಕ್ಷಾಧೀಶರ ಸ್ಕ್ವಾಡ್ರನ್’ ಎಂದೇ ಕರೆದರು. ನೆಲದ ಮೇಲೆ ವಿಮಾನ ರಿಪೇರಿ ಮಾಡುತ್ತಿದ್ದವರು ಕಾರ್ಖಾನೆ, ಅಂಗಡಿ, ಕಚೇರಿಗಳ ನೌಕರರು. ಈ ಕೊರತೆಯನ್ನು ತುಂಬಲು 1936ರಲ್ಲಿ ‘ವಾಲಂಟಿಯರ್ ರಿಸರ್ವ್’ ಎಂಬ ಇನ್ನೊಂದು ಮೀಸಲು ಪಡೆ ಬಂದಿತು. ಸಾಮಾನ್ಯ ಕುಟುಂಬದ ಯುವಕರಿಗೆ ಅದು ಸರ್ಕಾರದ ಖರ್ಚಿನಲ್ಲಿ ಹಾರಾಟ ಕಲಿಸಿತು. ಆದರೆ ಅಲ್ಲಿ ಸೇರಿದವನು ಬಿಡಿ ವ್ಯಕ್ತಿ. ಯುದ್ಧ ಬಂದಾಗ ಎಲ್ಲಿ ಬೇಕೆಂದರಲ್ಲಿಗೆ ಕಳಿಸಬಹುದು. ಸಹಾಯಕ ಪಡೆಯವನಿಗೆ ಮಾತ್ರ ಸ್ಕ್ವಾಡ್ರನ್ ಎಂದರೆ ಊರು.

ಎವರೆಸ್ಟ್ ಮೇಲೆ

602ರ ಕತೆಯಲ್ಲಿ ಭಾರತವೂ ಬರುತ್ತದೆ. 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಬಳಿಯ ಲಾಲ್‌ಬಾಲು ಮೈದಾನದಿಂದ ಮೇಲೇರಿದ ಎರಡು ವಿಮಾನಗಳು ಮೊದಲ ಬಾರಿಗೆ ಎವರೆಸ್ಟ್ ಶಿಖರದ ಮೇಲೆ ಹಾರಿದವು. ಒಂದರ ಚಾಲಕ ಮಾರ್ಕ್ವಿಸ್ ಆಫ್ ಕ್ಲೈಡ್ಸ್‌ಡೇಲ್, ಇನ್ನೊಂದರ ಚಾಲಕ ಡೇವಿಡ್ ಮೆಕಿಂಟೈರ್. ಮೊದಲನೆಯವರು 602ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರು, ಎರಡನೆಯವರು ಅಲ್ಲಿನ ಅಧಿಕಾರಿ. ದಾರಿಯಲ್ಲಿ ಮೆಕಿಂಟೈರ್ ಜೊತೆಗಿದ್ದ ಛಾಯಾಗ್ರಾಹಕ ಬಾನೆಟ್ ಅವರ ಆಮ್ಲಜನಕದ ಕೊಳವೆ ಬಿರುಕು ಬಿಟ್ಟಿತು. ಅವರು ಅದಕ್ಕೆ ಕರವಸ್ತ್ರ ಸುತ್ತಿ ಪ್ರಜ್ಞೆ ತಪ್ಪಿ ಬಿದ್ದರು. ಪುಣ್ಯಕ್ಕೆ ಬದುಕಿ ಉಳಿದರು. ‘ಹವ್ಯಾಸಿ’ಗಳೆಂದು ಕರೆಸಿಕೊಂಡವರ ಕೌಶಲಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಅದಕ್ಕೆ ಎರಡೇ ದಿನ ಮುಂಚೆ, ಏಪ್ರಿಲ್ 1ರಂದು, ಕರಾಚಿಯಲ್ಲಿ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಸ್ಥಾಪನೆಯಾಗಿತ್ತು. ಅದಕ್ಕೆ ಸಿಕ್ಕಿದ್ದು ನಾಲ್ಕು ವಾಪಿಟಿ ವಿಮಾನಗಳು. ಗ್ಲಾಸ್ಗೋದ 602 ಆಗ ಹಾರಿಸುತ್ತಿದ್ದುದೂ ವಾಪಿಟಿಯನ್ನೇ. ಎವರೆಸ್ಟ್ ದಾಟಿದ ವಿಮಾನಗಳು ಅದೇ ವಾಪಿಟಿಯನ್ನು ಸುಧಾರಿಸಿ ಕಟ್ಟಿದವು.

ಗಾರೆ ಕೆಲಸದವನ ಯುದ್ಧ

1939ರ ಮೇ ತಿಂಗಳಲ್ಲಿ 602ಕ್ಕೆ ಸ್ಪಿಟ್‌ಫೈರ್ ಬಂದಿತು. ಸಹಾಯಕ ಪಡೆಯಲ್ಲಿ ಅದನ್ನು ಪಡೆದ ಮೊದಲ ದಳ ಅದು. ಅದೇ ಆಗಸ್ಟ್‌ನಲ್ಲಿ ಸಹಾಯಕ ಪಡೆಯ 20 ಹಾರಾಟದ ಸ್ಕ್ವಾಡ್ರನ್ನುಗಳನ್ನೂ ಪೂರ್ಣಾವಧಿ ಸೇವೆಗೆ ಕರೆದರು. ಮರುವರ್ಷ ಬ್ರಿಟನ್ ಕದನದಲ್ಲಿ ಹೋರಾಡಿದ ಫೈಟರ್ ದಳಗಳಲ್ಲಿ 14 ಈ ಪಡೆಯವು. 602ನೇ ದಳವು 1940ರ ಆಗಸ್ಟ್ ಮಧ್ಯದಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ವೆಸ್ಟ್‌ಹ್ಯಾಂಪ್ನೆಟ್‌ಗೆ ಹೋಗಿ ಡಿಸೆಂಬರಿನವರೆಗೆ ಅಲ್ಲೇ ನಿಂತಿತು.

ಆ ದಳ ಬೆಳೆಸಿದವರಲ್ಲಿ ಆರ್ಚಿ ಮೆಕೆಲರ್ ಒಬ್ಬರು. ಕುಟುಂಬದ ಕಟ್ಟಡ ಉದ್ಯಮದಲ್ಲಿ ಗಾರೆ ಕೆಲಸ ಕಲಿತವರು. ಕುಳ್ಳಗಿನ ಆಳು. 1936ರಲ್ಲಿ 602 ಸೇರಿದರು. ಬ್ರಿಟನ್ನಿನ ನೆಲದ ಮೇಲೆ ಬಿದ್ದ ಮೊದಲ ಜರ್ಮನ್ ವಿಮಾನವನ್ನು 1939ರ ಅಕ್ಟೋಬರ್ 28ರಂದು ಉರುಳಿಸಿದವರಲ್ಲಿ ಅವರ ಹೆಸರು ಮುಖ್ಯವಾಗಿದೆ. ಮುಂದೆ 605ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿ 1940ರ ಅಕ್ಟೋಬರ್ 7ರ ಒಂದೇ ದಿನ ಐದು ಮೆಸರ್‌ಸ್ಮಿಟ್ ಕೆಡವಿದ ಕೀರ್ತಿ ಪಡೆದರು. ನವೆಂಬರ್ 1ರಂದು ಹಾರಾಟದಲ್ಲೇ ಮಡಿದರು. ಬ್ರಿಟನ್ ಕದನದ ಅಧಿಕೃತ ಅವಧಿ ಮುಗಿಯುವುದು ಅಕ್ಟೋಬರ್ 31ಕ್ಕೆ. ಒಂದು ದಿನದ ಅಂತರದಿಂದಾಗಿ ಆ ಕದನದಲ್ಲಿ ಮಡಿದವರ ಅಧಿಕೃತ ಪಟ್ಟಿಯಲ್ಲಿ ಈ ವೀರನ ಹೆಸರಿಲ್ಲ. ಅಕ್ಟೋಬರ್ 16ರ ವಕೀಲ ಗಿಫರ್ಡ್ ಅಂತೂ 1940ರ ಮೇ ತಿಂಗಳಲ್ಲೇ ಹತರಾಗಿದ್ದರು.

ಸತ್ತವರ ಜಾಗಕ್ಕೆ ಬಂದವರೆಲ್ಲ ಗ್ಲಾಸ್ಗೋದವರಲ್ಲ. 1942ರಲ್ಲಿ 602ರ ನಾಯಕ ಐರ್ಲೆಂಡಿನ ಪ್ಯಾಡಿ ಫಿನುಕೇನ್. 1943ರಲ್ಲಿ ಫ್ರಾನ್ಸಿನ ಪಿಯೆರ್ ಕ್ಲೊಸ್ಟರ್ಮನ್ ಅಲ್ಲಿ ಹಾರಾಡಿದರು. 1944ರಲ್ಲಿ ದಕ್ಷಿಣ ಆಫ್ರಿಕದ ಕ್ರಿಸ್ ಲ ರೂ ಮುಖ್ಯಸ್ಥರಾದರು. ಊರಿನ ಹೆಸರು ಉಳಿಯಿತು, ಊರಿನ ಹುಡುಗರು ವಿರಳವಾದರು. ನೆರೆಹೊರೆಯವರನ್ನೇ ಕೂಡಿಸಿ ಕಟ್ಟಿದ ಪಡೆಯ ಬಲ ಅವರ ಒಗ್ಗಟ್ಟು. ಅದರ ಬೆಲೆಯೂ ಅಲ್ಲೇ ಇತ್ತು. ಒಂದು ದಳಕ್ಕೆ ಪೆಟ್ಟು ಬಿದ್ದರೆ ಒಂದೇ ಊರಿನ ಅನೇಕ ಮನೆಗಳಿಗೆ ತಂತಿ ಬರುತ್ತಿತ್ತು.

ಯಂತ್ರ ಮುಂದೆ ಹೋಯಿತು

ಯುದ್ಧ ಮುಗಿದಾಗ ವಿಸರ್ಜನೆಯಾದ 602ನ್ನು 1946ರಲ್ಲಿ ಮತ್ತೆ ಕಟ್ಟಿದರು. 1947ರ ಡಿಸೆಂಬರ್‌ನಲ್ಲಿ ಪಡೆಯ ಹೆಸರಿಗೆ ‘ರಾಯಲ್’ ಎಂಬ ಗೌರವ ಸೇರಿತು. ಸ್ಪಿಟ್‌ಫೈರ್ ಹೋಗಿ ವ್ಯಾಂಪೈರ್ ಜೆಟ್ ಬಂದಿತು. ಕೊರಿಯಾ ಯುದ್ಧದ ಕಾಲದಲ್ಲಿ, 1951ರಲ್ಲಿ, ಈ ಸ್ಕ್ವಾಡ್ರನ್ನುಗಳನ್ನು ಮೂರು ತಿಂಗಳು ಪೂರ್ಣಾವಧಿ ತರಬೇತಿಗೆ ಕರೆದರು. ಆದರೆ ಟ್ರೆಂಚರ್ಡರ ವಿರೋಧಿಗಳ ಹಳೆಯ ಪ್ರಶ್ನೆ ಈಗ ಹೊಸ ರೂಪದಲ್ಲಿ ಎದುರಾಯಿತು. ಜೆಟ್ ವಿಮಾನದ ಬೆಲೆ ಏರುತ್ತಿತ್ತು, ವೇಗ ಏರುತ್ತಿತ್ತು, ಅದನ್ನು ಪಳಗಿಸಲು ಬೇಕಾದ ಗಂಟೆಗಳೂ ಏರುತ್ತಿದ್ದವು. ವಾರದಲ್ಲಿ ಇರುವುದು ಮಾತ್ರ ಒಂದೇ ಭಾನುವಾರ. 1957ರ ಮಾರ್ಚ್ 10ರಂದು ಎಲ್ಲ ಹಾರಾಟದ ಸಹಾಯಕ ಸ್ಕ್ವಾಡ್ರನ್ನುಗಳನ್ನು ಒಟ್ಟಿಗೇ ವಿಸರ್ಜಿಸಲಾಯಿತು.

ಆ ಪಡೆ ಪೂರ್ತಿ ಅಳಿಯಲಿಲ್ಲ. ನೆಲದ ಮೇಲಿನ ಕೆಲಸಗಳಿಗಾಗಿ ಅದು ಉಳಿದುಕೊಂಡು 2024ರಲ್ಲಿ ನೂರು ವರ್ಷ ಪೂರೈಸಿತು. 602ರ ಹೆಸರಿಗೂ 2006ರಲ್ಲಿ ಮರುಜೀವ ಬಂದಿತು, ಆದರೆ ಫೈಟರ್ ದಳವಾಗಿ ಅಲ್ಲ. ಭಾರತವೂ 1952ರಲ್ಲಿ ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆಯನ್ನು ಮಾಡಿತು. ಬಿಡುವಿನ ವೇಳೆಯ ನಾಗರಿಕನಿಗೂ ಆಕಾಶದಲ್ಲಿ ಕೆಲಸವಿದೆ ಎಂಬ ನಂಬಿಕೆ ಅದರ ಹಿಂದೆಯೂ ಇತ್ತು.

1933ರಿಂದ 602ರ ನೆಲೆಯಾಗಿದ್ದ ಆಬಟ್ಸಿಂಚ್ ಮೈದಾನ 1966ರಲ್ಲಿ ಗ್ಲಾಸ್ಗೋ ನಗರದ ವಿಮಾನ ನಿಲ್ದಾಣವಾಯಿತು. ಇಂದು ಅಲ್ಲಿ ಇಳಿಯುವವರು ಕಾಲಿಡುವುದು, ಒಂದು ಕಾಲಕ್ಕೆ ಶನಿವಾರ ಬಂತೆಂದರೆ ವಕೀಲರು, ರೈತರು, ಗುಮಾಸ್ತರು, ಗಾರೆ ಕೆಲಸದವರು ಸಮವಸ್ತ್ರ ತೊಟ್ಟು ಬರುತ್ತಿದ್ದ ನೆಲದ ಮೇಲೆ. ದೇಶದ ರಕ್ಷಣೆಯನ್ನು ಸಂಬಳ ಪಡೆಯುವ ಕೆಲವರಿಗೆ ಒಪ್ಪಿಸಿ ನಿಶ್ಚಿಂತೆಯಾಗಿರುವುದು ಸುಲಭ. ಆ ಹೊಣೆಯಲ್ಲಿ ಊರಿಗೂ ಪಾಲಿದೆ ಎಂದು ನಂಬಿದ ತಲೆಮಾರೊಂದು ತನ್ನ ಭಾನುವಾರಗಳನ್ನು ಕೊಟ್ಟಿತು. ಅವರಲ್ಲಿ ಅನೇಕರು ಜೀವವನ್ನೂ ಕೊಟ್ಟರು.