ಪರಮಾಣುವನ್ನು ಮೊದಲು ಕಂಡ ಕಣ್ಣು

ಪರಮಾಣುವಿನ ಮಾತು ಹೊಸದಲ್ಲ. ನಮ್ಮ ಕಣಾದ, ಗ್ರೀಸಿನ ಡೆಮಾಕ್ರಿಟಸ್ ಇಬ್ಬರೂ ಒಡೆಯಲಾಗದ ಕಣವೊಂದನ್ನು ಕಲ್ಪಿಸಿದ್ದರು. ಆದರೆ ಅದನ್ನು ಕಂಡವರು ಯಾರು? ಆಸ್ಟ್ರಿಯದ ಅರ್ನ್ಸ್ಟ್ ಮಾಕ್‌ನಂಥ ಭೌತವಿಜ್ಞಾನಿಯೇ ಕಾಣದ ಪರಮಾಣುವನ್ನು ಒಪ್ಪಲು ಸಿದ್ಧರಿರಲಿಲ್ಲ. ಅಂಥವರಿಗೆ ಕಣ್ಣಾರೆ ಕಂಡ ಉತ್ತರ ದೊರೆತದ್ದು 1955ರಲ್ಲಿ. ಕೊಟ್ಟವರು ಎರ್ವಿನ್ ಮುಲ್ಲರ್.

1911ರಲ್ಲಿ ಬರ್ಲಿನ್‌ನಲ್ಲಿ ಜನಿಸಿದ ಮುಲ್ಲರ್, ನೊಬೆಲ್ ಪುರಸ್ಕೃತ ಗುಸ್ತಾವ್ ಹರ್ಟ್ಸ್ ಅವರ ಶಿಷ್ಯರು. ಬೆಳಕಿನ ಅಲೆ ಪರಮಾಣುವಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ದೊಡ್ಡದು. ಆದ್ದರಿಂದ ಎಷ್ಟು ಒಳ್ಳೆಯ ಮಸೂರವಿದ್ದರೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಪರಮಾಣು ಕಾಣದು. ಮುಲ್ಲರ್ ಮಸೂರವನ್ನೇ ಕೈಬಿಟ್ಟು ಸೂಜಿಯನ್ನು ಹಿಡಿದರು. 1936ರಲ್ಲಿ ಲೋಹದ ಸೂಜಿಮೊನೆಯಿಂದ ಎಲೆಕ್ಟ್ರಾನುಗಳನ್ನು ಹೊರಡಿಸಿ, ಆ ಮೊನೆಯ ಚಿತ್ರವನ್ನು ಪರದೆಯ ಮೇಲೆ ಮೂಡಿಸಿದರು. ಆದರೂ ಪರಮಾಣು ಮಾತ್ರ ಕಾಣಲಿಲ್ಲ.

ಯುದ್ಧಾನಂತರ, 1951ರಲ್ಲಿ ಅವರು ವಿಧಾನವನ್ನು ತಿರುವುಮುರುವು ಮಾಡಿದರು. ಸೂಜಿಗೆ ಸಾವಿರಾರು ವೋಲ್ಟ್‌ಗಳ ಧನ ವಿದ್ಯುತ್ತನ್ನು ಕೊಟ್ಟು, ಸುತ್ತಲೂ ತುಸು ಅನಿಲವನ್ನು ಬಿಟ್ಟರು. ಮೊನೆಯಲ್ಲಿ ಉಬ್ಬಿ ನಿಂತ ಪರಮಾಣುವಿನ ಬಳಿ ಬಂದ ಅನಿಲದ ಕಣ ತನ್ನ ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನಾಗುತ್ತದೆ. ಕೂಡಲೇ ಪರದೆಯತ್ತ ಚಿಮ್ಮಿ ಅಲ್ಲೊಂದು ಬೆಳಕಿನ ಚುಕ್ಕೆಯಾಗುತ್ತದೆ. ಇದೇ ಫೀಲ್ಡ್ ಅಯಾನ್ ಸೂಕ್ಷ್ಮದರ್ಶಕ. ಆದರೆ ಶಾಖದಿಂದಾಗಿ ಅನಿಲದ ಕಣಗಳು ಅತ್ತಿತ್ತ ಸರಿದು ಚಿತ್ರ ಮಸುಕಾಗುತ್ತಿತ್ತು.

1952ರಲ್ಲಿ ಮುಲ್ಲರ್ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರ ಜೊತೆಗೂಡಿದವರು ಭಾರತದ ಸಂಶೋಧನಾ ವಿದ್ಯಾರ್ಥಿ ಕನ್ವರ್ ಬಹಾದೂರ್. ಟಂಗ್‌ಸ್ಟನ್ ಸೂಜಿಯನ್ನು ದ್ರವ ಸಾರಜನಕದಿಂದ ತಣ್ಣಗಾಗಿಸಿ ನೋಡಿದಾಗ, 1955ರ ಅಕ್ಟೋಬರ್ 11ರಂದು, ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಬೇರೆಬೇರೆಯಾಗಿ ಮೂಡಿದವು. ಒಂದೊಂದು ಚುಕ್ಕೆಯೂ ಒಂದೊಂದು ಪರಮಾಣು! ಮನುಷ್ಯ ಪರಮಾಣುವನ್ನು ಬಿಡಿಬಿಡಿಯಾಗಿ ಕಂಡದ್ದು ಅದೇ ಮೊದಲು.

ಮುಲ್ಲರ್ ಅಲ್ಲಿಗೇ ನಿಲ್ಲಲಿಲ್ಲ. ಕಂಡ ಪರಮಾಣು ಯಾವ ಧಾತುವಿನದು ಎಂದು ತಿಳಿಯುವ ಬಗೆ ಹೇಗೆ? ಮೊನೆಯಿಂದ ಅದನ್ನೇ ಕಿತ್ತು ಹಾರಿಸಿ, ಹಾರಿದ ವೇಳೆಯಿಂದ ಅದರ ರಾಶಿಯನ್ನು ಲೆಕ್ಕಹಾಕುವ 'ಆಟಮ್ ಪ್ರೋಬ್' ಉಪಕರಣವನ್ನು 1967ರಲ್ಲಿ ಸಹೋದ್ಯೋಗಿಗಳೊಡನೆ ರೂಪಿಸಿದರು. ಉಕ್ಕು, ಅರೆವಾಹಕಗಳ ಒಳರಚನೆಯನ್ನು ಪರಮಾಣು ಮಟ್ಟದಲ್ಲಿ ಅರಿಯಲು ಅದರ ಸುಧಾರಿತ ರೂಪಗಳು ಇಂದಿಗೂ ಬಳಕೆಯಲ್ಲಿವೆ.

ಮುಲ್ಲರ್ 1977ರ ಮೇ ತಿಂಗಳಲ್ಲಿ ತೀರಿಕೊಂಡರು. ಒಂಬತ್ತು ವರ್ಷಗಳ ಬಳಿಕ, 1986ರಲ್ಲಿ, ಭೌತವಿಜ್ಞಾನದ ನೊಬೆಲ್ ಸೂಕ್ಷ್ಮದರ್ಶಕಗಳಿಗೇ ಸಂದಿತು. ಅರ್ಧ ಭಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಎರ್ನ್ಸ್ಟ್ ರುಸ್ಕಾ ಅವರಿಗೆ. ಉಳಿದರ್ಧ, ಸೂಜಿಮೊನೆಯನ್ನು ಮೇಲ್ಮೈಯ ಸನಿಹದಲ್ಲಿ ಆಡಿಸಿ ಪರಮಾಣುಗಳನ್ನು ಗುರುತಿಸುವ ಉಪಕರಣ ರಚಿಸಿದ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ ಅವರಿಗೆ. ಆ ದಾರಿಯಲ್ಲಿ 1970ರ ದಶಕದ ಆರಂಭದಲ್ಲೇ ಹೆಜ್ಜೆಯಿಟ್ಟಿದ್ದ ರಸೆಲ್ ಯಂಗ್ ಮುಲ್ಲರ್ ಅವರ ಶಿಷ್ಯರೇ.

ಬದುಕಿಲ್ಲದವರನ್ನು ನೊಬೆಲ್‌ಗೆ ಪರಿಗಣಿಸುವುದಿಲ್ಲ. ಪರಮಾಣುವನ್ನು ಮೊದಲು ತೋರಿಸಿದಾತ ಆ ಪಟ್ಟಿಯಿಂದ ಹೊರಗುಳಿದರು. ಅವರ ಜೊತೆಗಿದ್ದ ಬಹಾದೂರ್ ಅವರ ಹೆಸರನ್ನು ಬಲ್ಲವರಂತೂ ನಮ್ಮಲ್ಲಿಯೇ ವಿರಳ.